ಗೇಟಿನವರೆಗೆ ಹೋಗಿ ಬಂದವರು: ಡೆಹ್ರಾಡೂನಿನ ಮಿಲಿಟರಿ ಕಾಲೇಜನ್ನು ದೂರದಿಂದ ಆರಿಸಿಕೊಂಡ ಒಂದು ಪ್ರಕರಣ

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದದ್ದು ಇದು. ಊರಿನ ಹೆಸರು, ಮನೆಯವರ ಹೆಸರು ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹುಡುಗನ ತಂದೆ ತಾಯಿ ಇದನ್ನು ಓದಿ, ಬರೆಯಿರಿ ಅಂದ ಮೇಲೆಯೇ ಬರೆಯುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಸೈನಿಕ ಶಾಲೆ ಪರೀಕ್ಷೆಗೆ ಕೂರುವ ಮಕ್ಕಳಿಗೆ ಭಾನುವಾರ ಲೆಕ್ಕ ಹೇಳಿಕೊಡುತ್ತೇನೆ. ಈ ಹುಡುಗನಿಗೂ ಹೇಳಿಕೊಟ್ಟಿದ್ದೆ. ಹಾಗಾಗಿ ಅವರ ಮನೆಯ ಕಟ್ಟೆಯ ಮೇಲೆ ನಡೆದ ಮಾತುಕತೆಯಲ್ಲಿ ನಾನೂ ಇದ್ದೆ.

ಹಿನ್ನೆಲೆ

ತಂದೆಗೆ ಬೀಜ, ಗೊಬ್ಬರದ ಅಂಗಡಿ. ತಾಯಿ ಅಂಗನವಾಡಿ ಕಾರ್ಯಕರ್ತೆ. ದೊಡ್ಡವನು ಹುಡುಗ, ಅವನಿಗಿಂತ ಮೂರು ವರ್ಷಕ್ಕೆ ಚಿಕ್ಕವಳು ತಂಗಿ. ಮನೆತನದಲ್ಲಿ ಸೈನ್ಯಕ್ಕೆ ಹೋದವರು ಯಾರೂ ಇಲ್ಲ. ಹುಡುಗ ಐದನೇ ತರಗತಿವರೆಗೆ ಊರಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದ. ಪರೀಕ್ಷೆ ಬರೆದು ಆರನೇ ತರಗತಿಗೆ ವಿಜಯಪುರದ ಸೈನಿಕ ಶಾಲೆ ಸೇರಿದ. 1963ರಲ್ಲಿ ಶುರುವಾದ ಶಾಲೆ. ನಮ್ಮ ಕಡೆ ಸೈನಿಕ ಶಾಲೆ ಅಂದರೆ ಮೊದಲು ಬಾಯಿಗೆ ಬರುವುದೇ ಆ ಹೆಸರು. ಊರಿಂದ ಬಸ್ಸಿನಲ್ಲಿ ನಾಲ್ಕು ತಾಸು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಮಗನನ್ನು ನೋಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಎರಡು ವರ್ಷ ಹಾಗೇ ನಡೆಯಿತು. ಹುಡುಗ ಅಲ್ಲಿ ಹೊಂದಿಕೊಂಡಿದ್ದ. ಜೀವದ ಗೆಳೆಯನೊಬ್ಬ ಸಿಕ್ಕಿದ್ದ.

ಏಳನೇ ತರಗತಿಯಲ್ಲಿದ್ದಾಗ ತಂದೆ ಡೆಹ್ರಾಡೂನಿನ ಆರ್‌ಐಎಂಸಿಗೂ ಅರ್ಜಿ ಹಾಕಿಸಿದರು. ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು. ಹೆಸರಲ್ಲಿ ಕಾಲೇಜು ಅಂತಿದ್ದರೂ ಅದು ಎಂಟರಿಂದ ಹನ್ನೆರಡನೇ ತರಗತಿವರೆಗಿನ ವಸತಿ ಶಾಲೆ. 1922ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಗೆ ಭಾರತದ ಹುಡುಗರನ್ನು ತಯಾರು ಮಾಡಲು ಬ್ರಿಟಿಷರು ತೆರೆದದ್ದು. ಇಡೀ ದೇಶಕ್ಕೆ ಅದೊಂದೇ. ಒಟ್ಟು ಮಕ್ಕಳು ಮುನ್ನೂರರ ಆಸುಪಾಸು. ಸೀಟುಗಳನ್ನು ರಾಜ್ಯವಾರು ಹಂಚುತ್ತಾರೆ. ಒಂದು ಸಲಕ್ಕೆ ಒಂದು ರಾಜ್ಯದ ಪಾಲಿಗೆ ಬರುವುದು ಬೆರಳೆಣಿಕೆಯಷ್ಟು.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ. ಸೇರುವ ಹೊತ್ತಿಗೆ ಮಗುವಿಗೆ ಹನ್ನೊಂದೂವರೆ ತುಂಬಿರಬೇಕು, ಹದಿಮೂರು ದಾಟಿರಬಾರದು. ಅಂದರೆ ಒಂದು ಮಗುವಿಗೆ ಸಿಗುವುದು ಹೆಚ್ಚೆಂದರೆ ಮೂರು ಅವಕಾಶ. ಗಣಿತಕ್ಕೆ 200 ಅಂಕ, ಇಂಗ್ಲಿಷ್‌ಗೆ 125, ಸಾಮಾನ್ಯ ಜ್ಞಾನಕ್ಕೆ 75. ಪಾಸಾದವರಿಗೆ 50 ಅಂಕದ ಸಂದರ್ಶನ. ಪ್ರತಿಯೊಂದರಲ್ಲೂ ಅರ್ಧದಷ್ಟು ಅಂಕ ಬರಲೇಬೇಕು. ಗಣಿತ, ಸಾಮಾನ್ಯ ಜ್ಞಾನವನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು. ಕನ್ನಡ ಮಾಧ್ಯಮದ ಮಕ್ಕಳು ಎಡವುವುದು ಇಲ್ಲೇ. ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ನಮ್ಮ ಹುಡುಗನಿಗೆ ವಿಜಯಪುರದ ಎರಡು ವರ್ಷ ಈ ವಿಷಯದಲ್ಲಿ ಕೈ ಹಿಡಿಯಿತು.

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿ ಬರೆದ. ಸಂದರ್ಶನ, ಸೇನಾ ಆಸ್ಪತ್ರೆಯ ವೈದ್ಯಕೀಯ ಪರೀಕ್ಷೆ ಎಲ್ಲ ಮುಗಿಯಿತು. ಬೇಸಿಗೆ ರಜೆಯ ಕೊನೆಯಲ್ಲಿ ಸೀಟು ಬಂತು. ಜುಲೈನಲ್ಲಿ ಸೇರಬೇಕು.

ಗಂಟು ಬಿದ್ದದ್ದು ಎಲ್ಲಿ

ಸೀಟು ಬರುವವರೆಗೂ ಮನೆಯಲ್ಲಿ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ: ಬಂದರೆ ಕಳಿಸುತ್ತೇವಾ? ಪರೀಕ್ಷೆ ಅನ್ನೋದೇ ಒಂದು ಓಟ. ಓಡುವಾಗ ಯಾರೂ ಯೋಚಿಸಲ್ಲ. ಬಂದ ಮೇಲೆ ಎಲ್ಲ ಒಟ್ಟಿಗೆ ಎದುರಾಯಿತು. ಕೈಯಲ್ಲಿರುವ ವಿಜಯಪುರದ ಸೀಟು ಬಿಡಬೇಕು. ಟಿಸಿ ತೆಗೆಸಿದ ಮೇಲೆ ಹುಡುಗ ಹೊಂದಿಕೊಳ್ಳದೆ ವಾಪಸ್ಸು ಬಂದರೆ ಅಲ್ಲಿ ಮತ್ತೆ ಸೀಟು ಸಿಗುವ ಭರವಸೆಯಿಲ್ಲ. ಡೆಹ್ರಾಡೂನಿಗೆ ಹುಬ್ಬಳ್ಳಿಯಿಂದ ರೈಲು ಹತ್ತಿದರೆ ದೆಹಲಿ ಸೇರುವಷ್ಟರಲ್ಲಿ ಒಂದೂವರೆ ದಿನ, ಅಲ್ಲಿಂದ ಮುಂದೆ ಮತ್ತೆ ಐದಾರು ತಾಸು. ಮನೆಯಲ್ಲಿ ಯಾರೂ ಆ ಊರನ್ನು ಕಣ್ಣಲ್ಲಿ ಕಂಡಿರಲಿಲ್ಲ.

ಅದರ ಜೊತೆಗೆ ಒಂದು ತಪ್ಪು ತಿಳಿವಳಿಕೆ ಕೂತಿತ್ತು. ನಗರದ ಒಂದು ಕೋಚಿಂಗ್ ಸೆಂಟರ್‌ನವರು ತಂದೆಗೆ ಹೇಳಿದ್ದರು, ಆರ್‌ಐಎಂಸಿ ಸೇರಿದರೆ ಎನ್‌ಡಿಎ ನೇರ ಅಂತ. ಎನ್‌ಡಿಎ ಅಂದರೆ ಸೇನಾಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಹಾಗೇನೂ ಇಲ್ಲ. ಆರ್‌ಐಎಂಸಿ ಹುಡುಗನೂ ಯುಪಿಎಸ್‌ಸಿ ನಡೆಸುವ ಅದೇ 900 ಅಂಕದ ಪರೀಕ್ಷೆ ಬರೆಯಬೇಕು. ಅದರಲ್ಲಿ ಪಾಸಾಗಿ ಅದೇ ಐದು ದಿನದ ಎಸ್‌ಎಸ್‌ಬಿಗೆ, ಅಂದರೆ ಸೇನೆಯ ಆಯ್ಕೆ ಮಂಡಳಿಯ ಸಂದರ್ಶನಕ್ಕೆ, ಹೋಗಬೇಕು. ಅದಕ್ಕೂ 900 ಅಂಕ. ವಿಜಯಪುರದ ಹುಡುಗನೂ ಅಷ್ಟೇ, ನಮ್ಮೂರ ಪಿಯು ಕಾಲೇಜಿನ ಹುಡುಗನೂ ಅಷ್ಟೇ. ಆರ್‌ಐಎಂಸಿ ಮಕ್ಕಳನ್ನು ಆ ಪರೀಕ್ಷೆಗಾಗಿಯೇ ತಯಾರು ಮಾಡುತ್ತದೆ, ಅಲ್ಲಿಂದ ಹೋಗುವವರೂ ಜಾಸ್ತಿ. ಆದರೆ ತಯಾರಿಯೇ ಬೇರೆ, ಸೀಟೇ ಬೇರೆ. ಇದನ್ನು ತಂದೆಗೆ ಬಿಡಿಸಿ ಹೇಳಿದ ದಿನ ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಕೋಚಿಂಗ್‌ನವರು ಇನ್ನೊಂದು ಮಾತು ಹೇಳುತ್ತಿದ್ದರು: "ಜನರಲ್ ತಿಮ್ಮಯ್ಯ ಓದಿದ ಜಾಗ ರೀ ಅದು." ಈ ಮಾತು ನಿಜ. ಕೊಡಗಿನ ತಿಮ್ಮಯ್ಯನವರು ಅಲ್ಲಿಂದಲೇ ಸ್ಯಾಂಡ್‌ಹರ್ಸ್ಟ್‌ಗೆ ಹೋದವರು. ಬೇವೂರ್, ವಿ.ಎನ್. ಶರ್ಮಾ, ಪದ್ಮನಾಭನ್ ಕೂಡ ಅಲ್ಲಿ ಓದಿ ಸೇನಾ ಮುಖ್ಯಸ್ಥರಾದವರು. ಮೊದಲ ಪರಮವೀರ ಚಕ್ರದ ಮೇಜರ್ ಸೋಮನಾಥ ಶರ್ಮಾ ಕೂಡ ಅಲ್ಲಿನ ಹುಡುಗ. ಕೇಳಿದರೆ ಯಾರಿಗಾದರೂ ಎದೆ ಉಬ್ಬುತ್ತದೆ. ಆದರೆ ತಾಯಿ ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರ ಇರಲಿಲ್ಲ. ಅವರು ಕೇಳಿದ್ದು ಇಷ್ಟೇ: "ರಾತ್ರಿ ಜ್ವರ ಬಂದ್ರ ಯಾರ ನೋಡ್ತಾರ್ರೀ?"

ಅಷ್ಟರಲ್ಲಿ ಫ್ಲೆಕ್ಸ್ ಬಂತು. ತಂದೆಯ ಗೆಳೆಯರು ಬಸ್ ಸ್ಟ್ಯಾಂಡ್ ಎದುರಿಗೆ ಹತ್ತು ಅಡಿಯ ಫ್ಲೆಕ್ಸ್ ಹಾಕಿಸಿದರು. ನಡುವೆ ಹುಡುಗನ ಫೋಟೋ, ಸುತ್ತ ಶುಭ ಕೋರುವವರ ಹದಿನಾಲ್ಕು ಮುಖ. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯವರು ಇನ್ನೂ ತೀರ್ಮಾನ ಮಾಡಿರಲಿಲ್ಲ. ಅಂಗಡಿಗೆ ಗೊಬ್ಬರಕ್ಕೆ ಬಂದವರೆಲ್ಲ "ಯಾವಾಗ ಹೊಂಟಾನ ನಿಮ್ಮ ಹುಡುಗ?" ಅಂತಲೇ ಮಾತು ಶುರು ಮಾಡುತ್ತಿದ್ದರು. ಮನೆಯವರು ಬಾಯಿ ಬಿಡುವ ಮೊದಲೇ ಊರು ಉತ್ತರ ಕೊಟ್ಟಾಗಿತ್ತು.

ಜೂನ್ ತಿಂಗಳ ಪ್ರಯಾಣ

ನೋಡದೆ ಕಳಿಸುವುದು ಬೇಡ, ಒಮ್ಮೆ ಹೋಗಿ ಕಣ್ಣಾರೆ ನೋಡಿ ಬರೋಣ ಎಂದು ತಂದೆ ಹೊರಟರು. ಒಳ್ಳೆಯ ಯೋಚನೆಯೇ. ಜೊತೆಗೆ ಹುಡುಗ ಮತ್ತು ಹುಡುಗನ ಸೋದರಮಾವ. ತಾಯಿ ಹೋಗಲಿಲ್ಲ. ಅಂಗನವಾಡಿಗೆ ರಜೆ ಸಿಗುವುದಿಲ್ಲ, ಚಿಕ್ಕವಳನ್ನು ಯಾರು ನೋಡುತ್ತಾರೆ, ಖರ್ಚು ಬೇರೆ ಜಾಸ್ತಿ ಎಂದು ಗಂಡಸರೇ ತೀರ್ಮಾನ ಮಾಡಿಬಿಟ್ಟರು. ಆ ಹೊತ್ತಿಗೆ ನನಗೂ ಅದು ಸರಿ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ಡೆಹ್ರಾಡೂನಿನಲ್ಲಿ ರೈಲಿಳಿದು ಸ್ಟೇಷನ್ ಹತ್ತಿರ ಲಾಡ್ಜ್ ಮಾಡಿದರು. ಸ್ನಾನ ಮಾಡಿ, ಹುಡುಗನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಆಟೋ ಹಿಡಿದು ಗಢಿ ಕಂಟೋನ್ಮೆಂಟಿಗೆ ಹೋದರು. ಕಾಲೇಜು ಇರುವುದು ದಂಡುಪ್ರದೇಶದೊಳಗೆ. ಗೇಟಿನಲ್ಲಿ ಕಾವಲಿನವರು ಮರ್ಯಾದೆಯಿಂದ ಕೂರಿಸಿ, ನೀರು ಕೊಟ್ಟು, ಹೇಳಿದರು: ಮಕ್ಕಳಿಗೆ ರಜೆ ಬಿಟ್ಟಿದೆ, ಒಳಗೆ ಯಾರೂ ಇಲ್ಲ, ಮುಂಚೆ ಬರೆದು ಅನುಮತಿ ತೆಗೆದುಕೊಳ್ಳದೆ ಒಳಗೆ ಬಿಡಲು ಬರುವುದಿಲ್ಲ. ಅವರ ಕೆಲಸ ಅವರು ಮಾಡಿದರು. ತಪ್ಪು ನಮ್ಮದೇ. ಎರಡು ಸಾವಿರ ಕಿಲೋಮೀಟರ್ ಆಚೆಗೆ ಹೊರಡುವ ಮುನ್ನ ಒಂದು ಇ-ಮೇಲ್ ಬರೆಯಬೇಕು, ಟರ್ಮ್ ಯಾವಾಗ ಅಂತ ಕೇಳಬೇಕು ಅನ್ನೋದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಊರಿನ ಶಾಲೆಗೆ ಹೋಗಿ ಹೆಡ್ ಮಾಸ್ತರರನ್ನು ಕಾಣುವ ಹಾಗೆ ಹೋಗಿಬಿಟ್ಟಿದ್ದರು.

ಆದರೂ ಆ ಪ್ರಯಾಣ ಪೂರ್ತಿ ದಂಡವಾಯಿತು ಅನ್ನಲಾರೆ. ಗೇಟಿನಿಂದ ಹೊರಬಿದ್ದು ಮೂವರೂ ಡಾಕ್ರಾ ಬಜಾರಿನ ಕಡೆ ನಡೆದರು. ಅಲ್ಲಿ ಸೇನೆಯವರ ಬಟ್ಟೆ ಹೊಲಿಯುವ ಒಬ್ಬ ವಯಸ್ಸಾದ ದರ್ಜಿ. ಮಾವನಿಗೆ ಹಿಂದಿ ಚೆನ್ನಾಗಿ ಬರುತ್ತದೆ, ಮಾತಿಗೆ ಕೂತರು. ದರ್ಜಿ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು, ಟೇಪನ್ನು ಭುಜದಿಂದ ಮಣಿಕಟ್ಟಿನವರೆಗೆ ಹಿಡಿದು ನೋಡಿ, ಹೇಳಿದರಂತೆ: ಈ ವಯಸ್ಸಿನ ಹುಡುಗರಿಗೆ ತೋಳು ಎರಡು ಬೆರಳು ಉದ್ದ ಬಿಟ್ಟೇ ಹೊಲಿಯುತ್ತೇನೆ, ಒಂದೇ ಟರ್ಮಿನಲ್ಲಿ ಬೆಳೆದುಬಿಡುತ್ತಾರೆ. ಆಮೇಲೆ ತಾನಾಗೇ ಇನ್ನೊಂದು ಮಾತು ಸೇರಿಸಿದರು. ದಕ್ಷಿಣದ ಮಕ್ಕಳು ಕಷ್ಟಪಡುವುದು ಓದಿಗಲ್ಲ, ಡಿಸೆಂಬರಿನ ಚಳಿಗೆ. ಉಣ್ಣೆಯ ಕೈಗವಸು ಎರಡು ಜೊತೆ ಕೊಟ್ಟು ಕಳಿಸಿ, ಒಂದು ಕಳೆದೇ ಹೋಗುತ್ತದೆ. ಆ ಪ್ರಯಾಣದಲ್ಲಿ ಕೈಗೆ ಸಿಕ್ಕ ಗಟ್ಟಿ ಮಾಹಿತಿ ಅಂದರೆ ಇದೊಂದೇ.

ಮರುದಿನ ಫಾರೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ದೊಡ್ಡ ಕೆಂಪು ಕಟ್ಟಡ ನೋಡಿದರು. ಚಕ್ರಾತಾ ರಸ್ತೆಯಲ್ಲಿ ನಿಂತು, ಸೇನಾಧಿಕಾರಿಗಳಿಗೆ ತರಬೇತಿ ಕೊಡುವ ಐಎಂಎಯನ್ನು (ಇಂಡಿಯನ್ ಮಿಲಿಟರಿ ಅಕಾಡೆಮಿ) ಹೊರಗಿನಿಂದಲೇ ನೋಡಿದರು. ಸಂಜೆ ಲಾಡ್ಜಿನಿಂದ ಕಾಲೇಜಿಗೆ ಇ-ಮೇಲ್ ಬರೆದರು. ಊರಿಗೆಂದು ಐದು ಕೆಜಿ ಲಿಚಿ ಹಣ್ಣು ಕಟ್ಟಿಸಿಕೊಂಡರು, ಡೆಹ್ರಾಡೂನಿನಲ್ಲಿ ಜೂನ್ ಅಂದರೆ ಲಿಚಿಯ ಕಾಲ. ಎರಡು ರಾತ್ರಿಯ ರೈಲಿನಲ್ಲಿ ಅರ್ಧ ಹಣ್ಣು ಕೊಳೆತವು. ಕಾಲೇಜಿನ ಉತ್ತರ ಬಂದಾಗ ರೈಲು ಪುಣೆ ದಾಟಿತ್ತು.

ಅವ್ವನ ರಿಜಿಸ್ಟರು

ಮನೆಗೆ ಬಂದ ಮೇಲೆ ತಂದೆ ಫೋನಿನಲ್ಲಿ ಫೋಟೋ ತೋರಿಸಿದರು. ಗೇಟು, ಸಾಲು ಮರಗಳು, ಗೇಟಿನ ಪಕ್ಕ ನಿಂತ ಮಗ. ತಾಯಿ ಎಲ್ಲವನ್ನೂ ನೋಡಿದರು. ಆಮೇಲೆ ಒಳಗೆ ಹೋಗಿ ಅಂಗನವಾಡಿಯ ಹಳೆಯ ಹಾಜರಿ ರಿಜಿಸ್ಟರು ತಂದರು. ಅದರ ಹಿಂದಿನ ಖಾಲಿ ಹಾಳೆಗಳಲ್ಲಿ, ಇವರು ಊರಲ್ಲಿ ಇಲ್ಲದ ಆರು ದಿನ, ಹೊಳೆದಾಗೆಲ್ಲ ಒಂದೊಂದು ಪ್ರಶ್ನೆ ಬರೆದಿಟ್ಟಿದ್ದರು. ಒಟ್ಟು ಇಪ್ಪತ್ಮೂರು.

ನಾನು ಆ ಹಾಳೆಗಳನ್ನು ನೋಡಿದ್ದೇನೆ. ಜ್ವರ ಬಂದರೆ ಯಾರಿಗೆ ಹೇಳಬೇಕು, ನಮಗೆ ಯಾರು ತಿಳಿಸುತ್ತಾರೆ. ಫೋನು ಯಾವ ದಿನ, ಎಷ್ಟು ನಿಮಿಷ. ಅವನಿಗೆ ಗೋಧಿ ಜಾಸ್ತಿ ಆದರೆ ಹೊಟ್ಟೆ ಕಟ್ಟುತ್ತದೆ, ಅನ್ನ ದಿನಾ ಕೊಡುತ್ತಾರಾ. ದೊಡ್ಡ ಹುಡುಗರು ಹೊಡೆದರೆ ಹೇಳಲು ಒಬ್ಬರಾದರೂ ಇದ್ದಾರಾ. ರಜೆಗೆ ಬರುವಾಗ ಒಬ್ಬನೇ ಬರಬೇಕಾ, ಯಾರಾದರೂ ರೈಲು ಹತ್ತಿಸುತ್ತಾರಾ. ಕನ್ನಡ ಮಾತಾಡುವ ಇನ್ನೊಂದು ಮಗು ಇದೆಯಾ. ದೊಡ್ಡವನಾದ ಮೇಲೆ ಸೈನ್ಯ ಬೇಡ ಅಂದರೆ ಏನು. ಕಣ್ಣಿಗೆ ಕನ್ನಡಕ ಬಂದರೆ ಏನು. ಕೊನೆಯದನ್ನು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದರು: ಬರುತ್ತೇನೆ ಅಂದರೆ ಕರೆದುಕೊಂಡು ಬರಬಹುದಾ.

ಒಂದು ಪ್ರಶ್ನೆಗೂ ಫೋಟೋದಲ್ಲಿ ಉತ್ತರ ಇರಲಿಲ್ಲ. ಆಕೆ ಸಿಟ್ಟು ಮಾಡಲಿಲ್ಲ. "ಗೇಟ ನೋಡ್ಕೊಂಡ ಬಂದ್ರಿ, ಚಲೋ ಆತು. ಈಗ ಒಳಗಿಂದ ಕೇಳೂಣು" ಅಂದರು. ಇಡೀ ಪ್ರಕರಣ ಹೊರಳಿದ್ದು ಈ ಮಾತಿನಿಂದ ಎಂದು ನನ್ನ ನಂಬಿಕೆ. ಮನೆಯಲ್ಲಿ ಯಾರಿಗೆ ಜಾಸ್ತಿ ಪ್ರಶ್ನೆಗಳಿದ್ದವೋ ಅವರನ್ನೇ ಬಿಟ್ಟು ನಾವು ನೋಡಲು ಹೋಗಿದ್ದೆವು.

ಮುಂದಿನ ಹತ್ತು ದಿನ ಆ ರಿಜಿಸ್ಟರೇ ನಮಗೆ ದಾರಿ. ವಿಜಯಪುರ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ಮೂಲಕ ಪಕ್ಕದ ಜಿಲ್ಲೆಯ ಒಬ್ಬ ತಂದೆಯ ನಂಬರ್ ಸಿಕ್ಕಿತು. ಅವರ ಮಗ ಆರ್‌ಐಎಂಸಿಯಲ್ಲಿ ಹನ್ನೊಂದನೇ ತರಗತಿ. ಬೆಂಗಳೂರಿನಲ್ಲಿ ನೆಲೆಸಿದ ಒಬ್ಬ ನಿವೃತ್ತ ಅಧಿಕಾರಿ ಸಿಕ್ಕರು, ಅಲ್ಲೇ ಓದಿದವರು. ಮೂರನೆಯದು ಕಾಲೇಜಿನ ಕಚೇರಿ. ಬರೆದು ಕೇಳಿದ್ದಕ್ಕೆಲ್ಲ ಅಲ್ಲಿಂದ ಬರಹದಲ್ಲೇ ಉತ್ತರ ಬಂತು. ಒಂದೇ ಪ್ರಶ್ನೆಯನ್ನು ಕಡಿಮೆ ಅಂದರೂ ಇಬ್ಬರಿಗೆ ಕೇಳುವುದು ಎಂದು ಮಾಡಿಕೊಂಡೆವು.

ಇಲ್ಲಿ ಒಂದು ವಿಷಯ ಕಲಿತೆವು, ಇದನ್ನು ನಾನು ಈಗ ಎಲ್ಲ ಪಾಲಕರಿಗೂ ಹೇಳುತ್ತೇನೆ. ತಂದೆ ಮೊದಲ ಸಲ ಫೋನಿನಲ್ಲಿ "ಅಲ್ಲಿ ಹೆಂಗೈತ್ರಿ?" ಅಂತ ಕೇಳಿದರು. "ಬಾಳ ಚಲೋ ಐತಿ" ಅಂತ ಉತ್ತರ ಬಂತು, ಮಾತು ಮುಗಿಯಿತು. ಎರಡನೇ ಸಲ ತಾಯಿ ಮಾತಾಡಿದರು. "ನಿಮ್ಮ ಮಗಗ ಅಲ್ಲಿ ಮೊದಲನೇ ಸಲ ಜ್ವರ ಬಂದಾಗ ನಿಮಗ ಯಾರ ಫೋನ್ ಮಾಡಿದ್ರಿ, ಎಷ್ಟೊತ್ತಿಗೆ ಮಾಡಿದ್ರಿ?" ಆ ಕಡೆಯವರು ಸ್ವಲ್ಪ ಯೋಚಿಸಿ ಹೇಳಿದರು. ಆಸ್ಪತ್ರೆಯ ಕೋಣೆಗೆ ಸೇರಿಸಿದ ಸಂಜೆಯೇ ಮೇಷ್ಟ್ರು ಫೋನ್ ಮಾಡಿದ್ದರು. ತಾವು ತಡೆಯಲಾರದೆ ರೈಲು ಹತ್ತಿದರು. ಮುಟ್ಟುವಷ್ಟರಲ್ಲಿ ಮೂರನೇ ದಿನ. ಅಷ್ಟೊತ್ತಿಗೆ ಮಗ ಗ್ರೌಂಡಿನಲ್ಲಿ ಹಾಕಿ ಆಡುತ್ತಿದ್ದ. "ಅಲ್ಲಿ ನೋಡ್ಕೊಳ್ಳೋರು ಅದಾರಕ್ಕಾ. ಆದ್ರ ನಾವು ನೋಡ್ಕೊಳ್ಳಾಕ ಆಗಂಗಿಲ್ಲ. ಇದನ್ನ ಮೊದಲ ಗಟ್ಟಿ ಮಾಡ್ಕೋರಿ."

ತಾಯಿ ಫೋನ್ ಇಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಜ್ವರದ ಪ್ರಶ್ನೆಯ ಮುಂದೆ ಸರಿ ಗುರುತು ಹಾಕಿದರು.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಶುಲ್ಕ, ಬಟ್ಟೆಬರೆ, ಓಡಾಟ ಸೇರಿದರೆ ವರ್ಷಕ್ಕೆ ಲಕ್ಷದ ಮೇಲೆ ಹೋಗುತ್ತದೆ. ರಾಜ್ಯ ಸರ್ಕಾರಗಳ ವಿದ್ಯಾರ್ಥಿವೇತನ ಇದೆ, ಅದಕ್ಕೆ ಬೇರೆ ಅರ್ಜಿ, ಬೇರೆ ಓಡಾಟ. ಇದಕ್ಕಿಂತ ಮುಖ್ಯವಾದದ್ದು ಸಹಿ ಮಾಡಬೇಕಾದ ಮುಚ್ಚಳಿಕೆ ಪತ್ರಗಳು. ಎಲ್ಲ ಇಂಗ್ಲಿಷಿನಲ್ಲಿ. ತಂದೆ ಅವನ್ನು ಓದದೆ ಸಹಿ ಮಾಡಲು ತಯಾರಿದ್ದರು. ಪರಿಚಯದ ಒಬ್ಬ ವಕೀಲರನ್ನು ಕರೆದು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡೆವು. ಎರಡು ತಾಸು ಹಿಡಿಯಿತು. ಹನ್ನೆರಡು ವರ್ಷದ ಮಗುವಿನ ಪರವಾಗಿ ಹಾಕುವ ಸಹಿ, ಇಷ್ಟಾದರೂ ಮಾಡಬೇಕಲ್ವಾ?

ಟಿಸಿ ವಿಷಯದಲ್ಲಿ ತಾಯಿ ಗಟ್ಟಿ ನಿಂತರು. ಪ್ರಶ್ನೆಗಳು ಮುಗಿಯುವವರೆಗೆ ವಿಜಯಪುರದಿಂದ ಟಿಸಿ ತೆಗೆಸುವುದು ಬೇಡ. ತಂದೆ ಇದೊಂದು ಕೆಲಸ ಮುಗಿಸಿಬಿಡೋಣ ಎಂದು ಅವಸರ ಮಾಡುತ್ತಿದ್ದರು. ಎರಡೂ ಶಾಲೆಗೆ ಕೇಳಿ, ಕೊನೆಯ ದಿನಾಂಕ ಯಾವುದು ಎಂದು ತಿಳಿದುಕೊಂಡು, ಅಲ್ಲಿಯವರೆಗೆ ಕಾದರು. ಕೈಯಲ್ಲಿ ಎರಡೂ ದಾರಿ ಇದ್ದದ್ದರಿಂದಲೇ ಮುಂದಿನ ಮಾತು ಸಾಧ್ಯವಾಯಿತು.

ಹುಡುಗನ ಮಾತು

ಇಷ್ಟು ದಿನ ಹುಡುಗನನ್ನು ಯಾರೂ ಕೇಳಿರಲಿಲ್ಲ ಅಂತಲ್ಲ. ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. "ಹೋಗ್ತೀಯಲ್ಲ?" ಅಂತ. "ಹೂಂ" ಅನ್ನುತ್ತಿದ್ದ. ಆ ಪ್ರಶ್ನೆಗೆ ಬೇರೆ ಉತ್ತರವೇ ಇರಲಿಲ್ಲ.

ಒಂದು ಸಂಜೆ ನಾನು ಅವನೊಬ್ಬನನ್ನೇ ಕರೆದುಕೊಂಡು ಕೆರೆ ಏರಿಯ ಮೇಲೆ ಹೋದೆ. ಬಹಳ ಹೊತ್ತು ಲೆಕ್ಕದ ಮಾತು, ಕ್ರಿಕೆಟ್ ಮಾತು. ಕೊನೆಗೆ ಕೇಳಿದೆ, ಡೆಹ್ರಾಡೂನ್ ಬೇಡ ಅನ್ನಬೇಕು ಅಂತ ಯಾವತ್ತಾದರೂ ಅನ್ನಿಸಿತ್ತಾ? ಅವನು ನೀರಿನ ಕಡೆ ನೋಡುತ್ತಾ ಹೇಳಿದ: "ಫ್ಲೆಕ್ಸ್ ಹಾಕ್ಯಾರಲ್ರೀ ಸರ. ಈಗ ಹೆಂಗ ಬ್ಯಾಡ ಅನ್ನೂದು?"

ನನಗೆ ಎದೆಯಲ್ಲಿ ಚುಚ್ಚಿದ ಹಾಗಾಯಿತು. ಆ ರಾತ್ರಿಯೇ ಅವರ ಮನೆಗೆ ಹೋಗಿ ಹೇಳಿದೆ. ತಂದೆ ತಲೆ ತಗ್ಗಿಸಿದರು. ಮರುದಿನ ಬೆಳಿಗ್ಗೆ ತಾಯಿ ತಾವೇ ಬಸ್ ಸ್ಟ್ಯಾಂಡಿಗೆ ಹೋಗಿ, ಗೆಳೆಯರ ಬಳಿ ಕೈಮುಗಿದು, ಫ್ಲೆಕ್ಸ್ ಬಿಚ್ಚಿಸಿದರು. ಒಬ್ಬಿಬ್ಬರಿಗೆ ಬೇಸರವಾಯಿತು. ಆಗಲಿ. ತಂದೆ ಮಗನನ್ನು ಅಂಗಡಿಯಲ್ಲಿ ಕೂರಿಸಿಕೊಂಡು, ಎರಡರಲ್ಲಿ ಯಾವುದನ್ನು ಆರಿಸಿದರೂ ನನಗೆ ಅಷ್ಟೇ ಸಂತೋಷ ಎಂದು ಬಾಯಿಬಿಟ್ಟು ಹೇಳಿದರು. ಮಕ್ಕಳಿಗೆ ಅದು ಗೊತ್ತೇ ಇರುತ್ತದೆ ಎಂದು ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಗೊತ್ತಿರುವುದಿಲ್ಲ.

ಆಮೇಲೆ ಅವನಿಗೆ ಒಂದು ಕೆಲಸ ಕೊಟ್ಟೆ. ಮೂರು ದಿನ ವಿಜಯಪುರದಲ್ಲೇ ಉಳಿಯುತ್ತೇನೆ ಎಂದು ತೀರ್ಮಾನ ಆದ ಹಾಗೆ ಇರು. ಮುಂದಿನ ಮೂರು ದಿನ ಡೆಹ್ರಾಡೂನಿಗೆ ಹೋಗುತ್ತೇನೆ ಎಂದು ಆದ ಹಾಗೆ ಇರು. ಏಳುವಾಗ, ಮಲಗುವಾಗ ಹೇಗೆ ಅನ್ನಿಸಿತು ಅಂತ ಬರೆದಿಡು. ಯಾರೂ ಅದನ್ನು ಕೇಳುವುದಿಲ್ಲ.

ಏಳನೇ ದಿನ ಅವನಾಗೇ ಬಂದ. ನಿಜ ಹೇಳುತ್ತೇನೆ, ನನ್ನ ಮನಸ್ಸು ವಿಜಯಪುರದ ಕಡೆಗಿತ್ತು. ಹತ್ತಿರದ ಶಾಲೆ, ಒಳ್ಳೆಯ ಶಾಲೆ, ಗೆಳೆಯ ಇದ್ದಾನೆ, ಎನ್‌ಡಿಎ ಬಾಗಿಲು ಎರಡೂ ಕಡೆಯಿಂದ ಒಂದೇ. ಅವನು ಹೇಳಿದ್ದು ಬೇರೆ. ವಿಜಯಪುರದ ಮೂರು ದಿನ ಚೆನ್ನಾಗಿ ನಿದ್ದೆ ಬಂತಂತೆ. ಡೆಹ್ರಾಡೂನಿನ ಮೂರು ದಿನ ಸರಿಯಾಗಿ ನಿದ್ದೆ ಬರಲಿಲ್ಲ, ಆದರೆ ಬೆಳಿಗ್ಗೆ ತಾನಾಗೇ ಬೇಗ ಎಚ್ಚರ ಆಗುತ್ತಿತ್ತು. "ಹೆದ್ರಿಕಿ ಆಗತೈತ್ರಿ ಸರ. ಆದ್ರ ಅದು ನಾ ಒಬ್ಬನ ಬರದ ತಗೊಂಡ ಸೀಟು. ನಾ ಹೋಗ್ತೀನಿ." ಸ್ವಲ್ಪ ಬಿಟ್ಟು ಕೇಳಿದ, "ಅಳು ಬಂದ್ರ ಅಲ್ಲಿ ಎಲ್ಲಿ ಹೋಗಿ ಅಳೂದ್ರಿ?"

ಈ ಪ್ರಶ್ನೆಯನ್ನೂ ತಾಯಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ಇಪ್ಪತ್ನಾಲ್ಕನೆಯದು. ನಿವೃತ್ತ ಅಧಿಕಾರಿಗೆ ಫೋನ್ ಮಾಡಿ ಇದನ್ನೇ ಕೇಳಿದರು. ಅವರು ನಗಲಿಲ್ಲ. ದೀಪ ಆರಿದ ಮೇಲೆ ಎಲ್ಲರೂ ಅಳುತ್ತಾರೆ, ಮೊದಲ ವಾರ ನಾನೂ ಅತ್ತಿದ್ದೇನೆ ಎಂದು ಹೇಳಿ ಅವನಿಗೆ, ಅಂದರು. ಟಿಸಿ ತೆಗೆಸಿದ್ದು ಅದರ ಮರುದಿನ.

ಆಮೇಲೆ

ಜುಲೈನಲ್ಲಿ ತಂದೆ ತಾಯಿ ಇಬ್ಬರೂ ಹೋಗಿ ಬಿಟ್ಟು ಬಂದರು. ತಂಗಿ ನಮ್ಮ ಮನೆಯಲ್ಲಿದ್ದಳು. ಹೊರಡುವ ಮೊದಲು ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಫೋನಿನಲ್ಲಿ ಯಾವ ತೀರ್ಮಾನವೂ ಇಲ್ಲ. ಬರುತ್ತೇನೆ ಅನ್ನಿಸಿದರೆ ಡಿಸೆಂಬರ್ ರಜೆಗೆ ಮನೆಗೆ ಬಂದು, ಒಂದು ವಾರ ಕಳೆದು, ಎದುರಿಗೆ ಕೂತು ಹೇಳಬೇಕು. ಆಗ ಹೇಳಿದರೆ ಯಾರೂ ಬೈಯುವುದಿಲ್ಲ, ಊರಿನ ಹೈಸ್ಕೂಲಿಗೆ ಸೇರಿಸುತ್ತೇವೆ.

ಸೆಪ್ಟೆಂಬರಿನ ಒಂದು ಭಾನುವಾರ ಫೋನ್ ಬಂತು. "ಅವ್ವಾ, ಕರಕೊಂಡ ಹೋಗ." ಅಷ್ಟೇ, ಆಮೇಲೆ ಅಳು. ತಂದೆ ಆ ರಾತ್ರಿಯೇ ಟಿಕೆಟ್ ನೋಡಲು ಶುರು ಮಾಡಿದರು. ತಾಯಿ ಅಡುಗೆ ಮನೆಯಲ್ಲಿ ಕೂತು ಅತ್ತರು, ಆದರೆ ಟಿಕೆಟ್ ಬೇಡ ಅಂದರು. ಮಾತು ಮಾತೇ ಅಂದರು. ಅಲ್ಲಿನ ಮೇಷ್ಟ್ರಿಗೆ ಫೋನ್ ಮಾಡಿ, ಹುಡುಗ ಅಳುತ್ತಿದ್ದಾನೆ, ಸ್ವಲ್ಪ ನೋಡಿ ಎಂದರು. ಮುಂದಿನ ಭಾನುವಾರ ಫೋನಿನಲ್ಲಿ ಅವನು ಆ ಮಾತೇ ಎತ್ತಲಿಲ್ಲ. ಹಾಕಿ ಟೀಮಿನ ಸುದ್ದಿ ಹೇಳಿದ. ಆ ಏಳು ದಿನ ಆ ಮನೆಯವರು ಹೇಗೆ ಕಳೆದರು ಎಂಬುದನ್ನು ನಾನು ಹತ್ತಿರದಿಂದ ಕಂಡವನು. ಮುಂಚೆಯೇ ಮಾತು ಆಗಿರದಿದ್ದರೆ ತಂದೆ ಸೋಮವಾರ ರೈಲಿನಲ್ಲಿರುತ್ತಿದ್ದರು.

ಡಿಸೆಂಬರಿನಲ್ಲಿ ಬಂದಾಗ ಕೈಬೆರಳು ಚಳಿಗೆ ಊದಿ ಕೆಂಪಾಗಿದ್ದವು. ಕೈಗವಸಿನ ಒಂದು ಜೊತೆ ಕಳೆದಿತ್ತು. ಅಂಗಿಯ ತೋಳು ಗಿಡ್ಡವಾಗಿತ್ತು. ವಿಜಯಪುರದಲ್ಲಿ ತರಗತಿಗೆ ಮೊದಲ ಮೂವರಲ್ಲಿ ಇರುತ್ತಿದ್ದವನು ಇಲ್ಲಿ ನಡುವಿನಲ್ಲೆಲ್ಲೋ ಇದ್ದ, ಅದು ಅವನಿಗೆ ಚುಚ್ಚುತ್ತಿತ್ತು. ಒಂದು ವಾರ ಕಳೆಯಿತು. ತಂದೆ ಕೇಳಿದರು. "ಹೋಗ್ತೀನಿ" ಅಂದ. ಪೆಟ್ಟಿಗೆ ತಾನೇ ತುಂಬಿಕೊಂಡ.

ಕಳೆದುಕೊಂಡದ್ದೂ ಇದೆ, ಅದನ್ನು ಮುಚ್ಚಿಡಬಾರದು. ಕನ್ನಡ ಓದುತ್ತಾನೆ, ಬರೆಯುವಾಗ ಕೈ ತಡವರಿಸುತ್ತದೆ. ಅವ್ವ ತಿಂಗಳಿಗೆ ಎರಡು ಕಾಗದ ಕನ್ನಡದಲ್ಲೇ ಹಾಕುತ್ತಾರೆ, ಅವನ ಉತ್ತರದಲ್ಲಿ ನಾಲ್ಕು ಸಾಲು ಕನ್ನಡ, ಉಳಿದದ್ದು ಇಂಗ್ಲಿಷ್. ವಿಜಯಪುರದ ಗೆಳೆಯನ ಜೊತೆ ಮಾತು ಕಡಿಮೆಯಾಗಿದೆ. ಅಜ್ಜಿ ತೀರಿಕೊಂಡಾಗ ಮಣ್ಣಿಗೆ ಬರಲಾಗಲಿಲ್ಲ. ಈಗ ಹತ್ತನೇ ತರಗತಿ ಮುಗಿಸಿದ್ದಾನೆ. ಎನ್‌ಡಿಎ ಪರೀಕ್ಷೆ ಇನ್ನೂ ಮುಂದಿದೆ.

ಈಗ ತಂಗಿಯ ಸರದಿ. 2022ರ ಜುಲೈನಲ್ಲಿ ಐದು ಹುಡುಗಿಯರ ಮೊದಲ ತಂಡ ಆರ್‌ಐಎಂಸಿ ಸೇರಿದಾಗಿನಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ಅವಳು ಡಿಸೆಂಬರಿನಲ್ಲಿ ಪರೀಕ್ಷೆ ಬರೆಯುತ್ತಾಳೆ. ಕಿತ್ತೂರಿನ ಚೆನ್ನಮ್ಮ ಸೈನಿಕ ಶಾಲೆ ಹತ್ತಿರವೇ ಇದೆ, ಅದನ್ನೂ ನೋಡೋಣ ಎಂದು ತಂದೆ ಹೇಳುತ್ತಿದ್ದಾರೆ. ಈ ಸಲ ಪರೀಕ್ಷೆಗೆ ಮೊದಲೇ ನೋಡಲು ಹೋಗುತ್ತಿದ್ದಾರೆ, ಸೆಪ್ಟೆಂಬರಿನಲ್ಲಿ, ಮಕ್ಕಳು ಒಳಗಿರುವಾಗ. ಅನುಮತಿಗೆ ಬರೆದು ಉತ್ತರವೂ ಬಂದಿದೆ. ತಾಯಿ, ಮಗಳು ಇಬ್ಬರೇ ಹೊರಡುತ್ತಾರೆ, ತಂದೆ ಅಂಗಡಿ ನೋಡಿಕೊಳ್ಳುತ್ತಾರೆ. ಹೋದ ವಾರ ಆ ಹಳೆಯ ರಿಜಿಸ್ಟರನ್ನು ಮತ್ತೆ ನೋಡಿದೆ. ಹೊಸ ಹಾಳೆಯಲ್ಲಿ ಒಂಬತ್ತು ಪ್ರಶ್ನೆಗಳಾಗಿವೆ. ಮೊದಲ ಆರು ಹುಡುಗಿಯ ಕೈಬರಹದಲ್ಲಿವೆ.